ಕೊಟ್ಟು ರೂಢಿಯಾದ ಕೈಗೆ ಬೆಲೆ ಹೇಳುವುದೇ ಕಷ್ಟ

ಪ್ರಶ್ನೆ: ನನಗೆ 41 ವರ್ಷ. ಗದಗದಲ್ಲಿದ್ದೇವೆ. ಯಜಮಾನರಿಗೆ ಖಾಸಗಿ ಕಂಪನಿಯಲ್ಲಿ ಕೆಲಸ. ಮಗಳು ಪಿಯುಸಿ ಓದುತ್ತಿದ್ದಾಳೆ. ನಾನು ಮಾಡುವ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಎಲ್ಲರಿಗೂ ಇಷ್ಟ. ಬೆಂಗಳೂರು, ಪುಣೆಯಲ್ಲಿರುವ ನೆಂಟರ ಮಕ್ಕಳು ಬಂದಾಗಲೆಲ್ಲ ಡಬ್ಬಿ ತುಂಬಿಸಿಕೊಂಡು ಹೋಗುತ್ತಾರೆ. ‘ಇದನ್ನ ಮಾರಾಕ ಶುರು ಮಾಡ್ರಿ’ ಅಂತ ಎಲ್ಲರೂ ಹೇಳುತ್ತಾರೆ. ಚೀಟಿ ಎತ್ತಿದ 60 ಸಾವಿರ ರೂಪಾಯಿ ಕೈಯಲ್ಲಿದೆ. ಆದರೂ ಧೈರ್ಯ ಬರುತ್ತಿಲ್ಲ. ನಾಳೆ, ನಾಡಿದ್ದು ಅಂತ ಎರಡು ದೀಪಾವಳಿ ಕಳೆಯಿತು. ಓಣಿಯವರು ‘ಇವರಿಗೇನು ಕಡಿಮೆ ಆಗಿತ್ತು’ ಅಂದರೆ? ಮಾಲು ಕೆಟ್ಟು ಯಾರಾದರೂ ಜಗಳಕ್ಕೆ ಬಂದರೆ? ಟ್ಯಾಕ್ಸ್ ನೋಟಿಸ್ ಬಂದರೆ? ಪರಿಚಯದವರೊಬ್ಬರು ಮುದ್ರಾ ಸಾಲ ತೆಗೆದು ಮಷಿನ್ ಹಾಕಿ ಅನ್ನುತ್ತಿದ್ದಾರೆ. ಕೆಜಿಗೆ 250 ರೂಪಾಯಿ ಇಟ್ಟರೆ ಸಾಕಾ? ಈ ಹಿಂಜರಿಕೆಯಿಂದ ಹೊರಗೆ ಬರುವುದು ಹೇಗೆ?

— ಹೆಸರು ಬೇಡ, ಗದಗ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದು ಮಾತಿನ ಮೇಲೆ. ‘ಡಬ್ಬಿ ತುಂಬಿಸಿಕೊಂಡು ಹೋಗುತ್ತಾರೆ’ ಅಂತ ಬರೆದಿದ್ದೀರಿ. ದುಡ್ಡು ಕೊಟ್ಟು ಹೋಗುತ್ತಾರೆ ಅಂತ ಎಲ್ಲೂ ಬರೆದಿಲ್ಲ. ಓಣಿಯವರ ಮಾತು, ಟ್ಯಾಕ್ಸ್, ಸಾಲ ಅಂತ ನಾಲ್ಕೈದು ಭಯ ಹೇಳಿದ್ದೀರಿ. ಅವಕ್ಕೂ ಬರೋಣ. ಆದರೆ ನಿಮ್ಮನ್ನು ಎರಡು ದೀಪಾವಳಿ ಕೂರಿಸಿದ್ದು ಅವು ಯಾವುವೂ ಇರಲಿಕ್ಕಿಲ್ಲ. ಇಷ್ಟು ವರ್ಷ ಪ್ರೀತಿಯಿಂದ ಕೊಟ್ಟಿದ್ದಕ್ಕೆ ಈಗ ದುಡ್ಡು ಕೇಳಬೇಕಲ್ಲ, ಆ ಸಂಕೋಚ ಇದು ಅಂತ ನನಗನ್ನಿಸುತ್ತದೆ.

ನಿಮ್ಮ ಕಡೆ ಚಟ್ನಿ ಅಂದರೆ ಕೊಡುವ ಪದಾರ್ಥ. ನಾಗರ ಪಂಚಮಿಯ ಹೊತ್ತಿಗೆ ರೊಟ್ಟಿ ಪಂಚಮಿ ಬರುತ್ತದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಾಳು ಪಲ್ಯ ನಿಮ್ಮ ಮನೆಯಿಂದ ಪಕ್ಕದ ಮನೆಗೆ ಹೋಗುತ್ತವೆ, ಅವರ ಮನೆಯವು ನಿಮ್ಮಲ್ಲಿಗೆ ಬರುತ್ತವೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿದ ಮೇಲೆ ಆಚೀಚೆ ಹೊಲದವರನ್ನೂ ಕರೆದು ಬಡಿಸುತ್ತೀರಿ. ನಿಮ್ಮ ಜಿಲ್ಲೆಯ ಡಂಬಳದಲ್ಲಂತೂ ರೊಟ್ಟಿ ಜಾತ್ರೆಯೇ ನಡೆಯುತ್ತದೆ. ಹೀಗೆ ಲೆಕ್ಕವಿಲ್ಲದೆ ಕೊಟ್ಟು ಬೆಳೆದವರಿಗೆ ‘ಇನ್ನೂರು ಗ್ರಾಮಿಗೆ ನೂರು ರೂಪಾಯಿ’ ಅನ್ನೋ ಮಾತು ಗಂಟಲಲ್ಲೇ ನಿಲ್ಲುತ್ತದೆ. ಜೆರಾಕ್ಸ್ ಅಂಗಡಿ ಇಡುವವರಿಗೆ ಈ ತೊಂದರೆ ಇಲ್ಲ. ಅವರು ಯಾವತ್ತೂ ನೆಂಟರಿಷ್ಟರಿಗೆ ಜೆರಾಕ್ಸ್ ಹಂಚಿರುವುದಿಲ್ಲ. ಅಡುಗೆ, ಹೊಲಿಗೆ, ಮೆಹಂದಿ, ಮಕ್ಕಳಿಗೆ ಪಾಠ, ಇಂಥವನ್ನು ಮನೆಯಿಂದ ಶುರು ಮಾಡುವ ಹೆಣ್ಣುಮಕ್ಕಳಲ್ಲೇ ಇದು ಜಾಸ್ತಿ. ಹಾಗಾಗಿ ‘ನನಗೆ ಧೈರ್ಯ ಕಡಿಮೆ’ ಅಂತ ನಿಮ್ಮನ್ನು ನೀವು ಬೈದುಕೊಳ್ಳುವುದನ್ನು ಮೊದಲು ಬಿಡಿ.

ಒಂದು ತರಬೇತಿಯಲ್ಲಿ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಬ್ಬ ಹೆಣ್ಣುಮಗಳು ಮನೆಯಲ್ಲಿ ಮಾಡಿದ ಶೇಂಗಾ ಚಟ್ನಿ ತಂದಿದ್ದರು. ಅರ್ಧ ಅರ್ಧ ಕೆಜಿಯ ಪ್ಲಾಸ್ಟಿಕ್ ಕವರ್. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇನ್ನೊಬ್ಬರು ಒಂದು ಕವರ್ ಎತ್ತಿಕೊಂಡು ‘ಎಷ್ಟ್ರೀ ಇದು?’ ಅಂತ ಕೇಳಿದರು. ಇವರು ಮುಖ ಕೆಳಗೆ ಹಾಕಿ, ಇನ್ನೊಂದು ಕವರಿನ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಾ, ‘ಅಯ್ಯ, ಇರ್ಲಿ ಬಿಡ್ರಿ. ನೀವೇನ ಹೊರಗಿನವ್ರೇನು?’ ಅಂದರು. ಅವರು ಬಿಡಲಿಲ್ಲ. ಕೊನೆಗೆ ಇವರು ‘ನಿಮಗ ತಿಳಿದಷ್ಟು ಕೊಡ್ರಿ’ ಅಂದರು. ಅವರು ತಿಳಿದಷ್ಟು ಕೊಟ್ಟರು, 50 ರೂಪಾಯಿ. ಅದರಲ್ಲಿ ಒಳಗಿದ್ದ ಶೇಂಗಾದ ದುಡ್ಡೂ ಪೂರ್ತಿ ಬಂದಿರಲಿಲ್ಲ. ತಗೊಂಡವರದು ಏನೂ ತಪ್ಪಿಲ್ಲ. ಬೆಲೆ ಹೇಳದೇ ಇದ್ದರೆ ಪಾಪ ಅವರಿಗಾದರೂ ಹೇಗೆ ಗೊತ್ತಾಗಬೇಕು?

ಇದಕ್ಕೆ ನಾನು ಹೇಳುವ ಉಪಾಯ ತುಂಬ ಸರಳ. ಬೆಲೆ ನಿಮ್ಮ ಬಾಯಿಂದ ಬರುವುದೇ ಬೇಡ. ಪ್ಯಾಕೆಟ್ ಮೇಲೆ ಅಚ್ಚಾಗಿ ಬರಲಿ. ಮೊದಲ ಪ್ಯಾಕೆಟ್ ಕಟ್ಟುವ ಮುಂಚೆಯೇ ಪಕ್ಕದ ಪ್ರಿಂಟಿಂಗ್ ಅಂಗಡಿಯಲ್ಲಿ ಸ್ಟಿಕ್ಕರ್ ಮಾಡಿಸಿ. ಅದರಲ್ಲಿ ತೂಕ, ತಾರೀಕು, ಬೆಲೆ ಇರಲಿ. ಎಷ್ಟು ಅಂತ ಕೇಳಿದವರಿಗೆ ಪ್ಯಾಕೆಟ್ ತಿರುಗಿಸಿ ತೋರಿಸಿದರಾಯಿತು. ಚೌಕಾಸಿ ಅರ್ಧ ಅಲ್ಲೇ ನಿಲ್ಲುತ್ತದೆ. ಅಚ್ಚಾದ ಬೆಲೆಯನ್ನು ಜನ ಅಂಗಡಿಯ ಬೆಲೆ ಅಂತ ನೋಡುತ್ತಾರೆ, ನಿಮ್ಮ ಆಸೆ ಅಂತ ನೋಡುವುದಿಲ್ಲ.

ಎರಡನೆಯದು, ಕೊಡುವುದನ್ನೂ ಮಾರುವುದನ್ನೂ ಬೇರೆ ಬೇರೆ ಇಡಿ. ವ್ಯಾಪಾರ ಶುರು ಮಾಡಿದೆ ಅಂತ ಪಂಚಮಿಗೆ ಕೊಡೋದನ್ನು ನಿಲ್ಲಿಸಬೇಡಿ. ಅದು ನಿಲ್ಲುತ್ತದೆ ಅನ್ನೋ ಭಯವೂ ನಿಮ್ಮ ಹಿಂಜರಿಕೆಯೊಳಗೆ ಇರಬಹುದು. ಒಂದು ನೋಟ್‌ಬುಕ್ ತಗೊಳ್ಳಿ. ಪುಕ್ಕಟೆ ಕೊಡಲೇಬೇಕಾದ ಮನೆಗಳ ಹೆಸರು ಬರೆಯಿರಿ. ತವರು ಮನೆ, ನಾದಿನಿ, ಎದುರುಮನೆಯ ಅಜ್ಜಿ, ಹೀಗೆ ಎಂಟ್ಹತ್ತು ಮನೆ ಆಗಬಹುದು. ಅವರಿಗೆ ಯಾವ ಹಬ್ಬಕ್ಕೆ ಎಷ್ಟು ಅಂತಲೂ ಬರೆಯಿರಿ. ಅವರಿಂದ ಯಾವತ್ತೂ ದುಡ್ಡು ತಗೊಳ್ಳಬೇಡಿ. ಆ ಪಟ್ಟಿಯಲ್ಲಿ ಇಲ್ಲದವರಿಗೆ ಯಾವತ್ತೂ ಪುಕ್ಕಟೆ ಕೊಡಬೇಡಿ. ನಡುವಿನ ದಾರಿ ಬೇಡ. ‘ನಿಮಗಂತ ಹತ್ತು ರೂಪಾಯಿ ಕಡಿಮೆ’ ಅನ್ನುವುದರಲ್ಲೇ ಎಲ್ಲ ಮನಸ್ತಾಪ ಹುಟ್ಟುತ್ತದೆ. ಅವರಿಗೆ ಎಷ್ಟಕ್ಕೆ ಕೊಟ್ಟರು, ನಮಗೆ ಎಷ್ಟಕ್ಕೆ ಕೊಟ್ಟರು ಅನ್ನೋ ಲೆಕ್ಕ ಓಣಿಯಲ್ಲಿ ಶುರುವಾಗುತ್ತದೆ.

ಇನ್ನೊಂದು, ಮೊದಲ ಗಿರಾಕಿಗಳು ನಿಮ್ಮ ಬಳಗದ ಹೊರಗಿನವರಾಗಿರಲಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ನೆಂಟರಿಗೆ ಮಾರಿ ಧೈರ್ಯ ತಗೊಳ್ಳೋಣ ಅಂದುಕೊಳ್ಳುತ್ತಾರೆ. ನೆಂಟರಿಗೆ ಮಾರುವಷ್ಟು ಕಷ್ಟದ ಕೆಲಸ ಬೇರೆ ಇಲ್ಲ. ಯಜಮಾನರ ಆಫೀಸಿನವರು, ಮಗಳ ಕಾಲೇಜಿನ ಸ್ಟಾಫ್ ರೂಮ್, ನೀವು ಬ್ಲೌಸ್ ಹೊಲಿಸುವ ಟೇಲರ್ ಅಂಗಡಿ, ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿ ಇವೆ. ಖಾನಾವಳಿಯಲ್ಲಿ ಉಂಡವರು ದುಡ್ಡು ಕೊಡೋವಾಗ ಕಣ್ಣಿಗೆ ಬೀಳುವಂತೆ ಗಲ್ಲೆಯ ಪಕ್ಕ ಆರು ಪ್ಯಾಕೆಟ್ ಇಡಲು ಕೇಳಿ ನೋಡಿ. ‘ಮಾರಾಟ ಆದರೆ ದುಡ್ಡು ಕೊಡ್ರಿ, ಆಗದಿದ್ದರೆ ವಾಪಸ್ ಒಯ್ತೀನಿ’ ಅಂದರೆ ಬೇಡ ಅನ್ನುವವರು ಕಡಿಮೆ.

ಇದು ಸಣ್ಣವರಿಗಷ್ಟೇ ಅಂತ ತಿಳಿಯಬೇಡಿ. ಬೆಂಗಳೂರಿನಲ್ಲಿ 2005ರ ಸುಮಾರಿಗೆ ಇಡ್ಲಿ-ದೋಸೆ ಹಿಟ್ಟು ಮಾರಲು ಹೊರಟ ಐಡಿ ಕಂಪನಿಯ ಸೋದರ ಸಂಬಂಧಿಗಳು ಕೂಡ ಅಂಗಡಿಗಳಿಗೆ ಹೀಗೇ ಹಿಟ್ಟು ಕೊಟ್ಟರು. ಮಾರಿದ್ದಕ್ಕೆ ಮಾತ್ರ ದುಡ್ಡು, ಉಳಿದದ್ದು ವಾಪಸ್. ಅವರ ಜಾಗ 50 ಚದರಡಿ. ದಿನಕ್ಕೆ ನೂರು ಪ್ಯಾಕೆಟ್ ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು. ಇಂದು ಆ ಹಿಟ್ಟು ದೇಶದಾಚೆಗೂ ಹೋಗುತ್ತದೆ. ನೀವು ಅಷ್ಟು ದೊಡ್ಡವರಾಗಬೇಕು ಅಂತ ಇದನ್ನು ಹೇಳುತ್ತಿಲ್ಲ. ಮೊದಲ ತಿಂಗಳು ಮೂವತ್ತು ಪ್ಯಾಕೆಟ್ ಹೋದರೆ ‘ಇಷ್ಟೇನಾ’ ಅಂತ ಕೈಚೆಲ್ಲಬೇಡಿ, ಅದಕ್ಕೆ.

ಈಗ ಬೆಲೆಗೆ ಬರೋಣ. ಕೆಜಿಗೆ 250 ಸಾಕಾ ಅಂತ ಕೇಳಿದ್ದೀರಿ. ಸಾಲದು. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಕೆಳಗಿನ ದರಗಳು ಉದಾಹರಣೆಗೆ ಮಾತ್ರ. ನಿಮ್ಮೂರಿನ ಸಂತೆಯ ದರ ಹಾಕಿ ನೀವೇ ಮತ್ತೊಮ್ಮೆ ಮಾಡಿ.

ಐದು ಕೆಜಿ ಶೇಂಗಾ, ಕೆಜಿಗೆ 140ರಂತೆ 700 ರೂಪಾಯಿ. ಬ್ಯಾಡಗಿ ಖಾರದ ಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿ 200. ಗ್ಯಾಸು, ಕರೆಂಟು 80. ಹುರಿದು ಸಿಪ್ಪೆ ತೆಗೆದರೆ ತೂಕ ಸ್ವಲ್ಪ ಇಳಿಯುತ್ತದೆ, ಮಸಾಲೆ ಬಿದ್ದಾಗ ಮತ್ತೆ ಏರುತ್ತದೆ. ಕೊನೆಗೆ ಹತ್ತಿರ ಹತ್ತಿರ ಐದು ಕೆಜಿ ಚಟ್ನಿ ಅಂತಿಟ್ಟುಕೊಳ್ಳಿ. ಅಂದರೆ 200 ಗ್ರಾಮಿನ 25 ಪ್ಯಾಕೆಟ್. ಕವರು, ಸ್ಟಿಕ್ಕರು ಒಂದಕ್ಕೆ 8 ರೂಪಾಯಿಯಂತೆ 200. ಒಟ್ಟು 1,180 ರೂಪಾಯಿ. ನೀವು ಕೆಜಿಗೆ 250ರಂತೆ ಮಾರಿದರೆ ಬರುವುದು 1,250. ಉಳಿದದ್ದು 70 ರೂಪಾಯಿ. ಶೇಂಗಾ ಆರಿಸಿ, ಹುರಿದು, ಆರಿಸಿಟ್ಟು, ತಿಕ್ಕಿ, ಕೇರಿ, ಕುಟ್ಟಿ, ತೂಗಿ, ಕವರಿಗೆ ಹಾಕಿ ಸೀಲ್ ಮಾಡುವ ಹೊತ್ತಿಗೆ ಆರು ತಾಸು ಹೋಗಿರುತ್ತದೆ. ಆರು ತಾಸಿನ ದುಡಿಮೆಗೆ 70 ರೂಪಾಯಿ!

‘ನಾನು ಮನೇಲೇ ಇರ್ತೀನಲ್ಲ, ನನ್ನ ಕೂಲಿ ಯಾಕೆ ಹಿಡಿಯೋದು’ ಅಂತ ಮುಕ್ಕಾಲು ಪಾಲು ಹೆಣ್ಣುಮಕ್ಕಳು ಕೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದೇ ಇಲ್ಲ. ನಾಳೆ ಆರ್ಡರ್ ಜಾಸ್ತಿಯಾದರೆ ಸಹಾಯಕ್ಕೆ ಒಬ್ಬರನ್ನು ಕರೆಯಬೇಕು. ಅವರು ಪುಕ್ಕಟೆ ಬರುತ್ತಾರಾ? ಅವರಿಗೆ ಕೊಡುವ ಕೂಲಿ ಇವತ್ತಿನ ಬೆಲೆಯಲ್ಲೇ ಇರಬೇಕು. ಇಲ್ಲದಿದ್ದರೆ ವ್ಯಾಪಾರ ಬೆಳೆದಷ್ಟೂ ನಷ್ಟ ಬೆಳೆಯುತ್ತದೆ. ಇನ್ನೊಂದು ಕಾರಣವೂ ಇದೆ. ಮೂರು ತಿಂಗಳು ಬೆನ್ನು ನೋಯಿಸಿಕೊಂಡು ಕೈಗೆ ಏನೂ ಹತ್ತದಿದ್ದರೆ ಮನೆಯವರು ‘ಸುಮ್ನೆ ಯಾಕೆ ಈ ತಾಪತ್ರಯ’ ಅಂತಾರೆ. ನಿಮಗೂ ಹೌದು ಅನ್ನಿಸುತ್ತದೆ. ಮಾಲು ಚೆನ್ನಾಗಿಲ್ಲ ಅಂತ ಮುಚ್ಚಿದ ಮನೆ ವ್ಯಾಪಾರಗಳಿಗಿಂತ ಬೆಲೆ ಕಡಿಮೆ ಇಟ್ಟು ದಣಿದು ಮುಚ್ಚಿದವೇ ನಾನು ನೋಡಿದಂತೆ ಜಾಸ್ತಿ.

ತಾಸಿಗೆ 75ರಂತೆ ಕೂಲಿ 450 ಸೇರಿಸಿ. ಸೀದು ಹೋದದ್ದು, ಹರಿದ ಕವರು, ರುಚಿಗೆ ಕೊಟ್ಟದ್ದು ಅಂತ ಇನ್ನೊಂದು 80. ಈಗ 1,710 ಆಯಿತು. ಒಂದು ಪ್ಯಾಕೆಟ್ಟಿಗೆ 68 ರೂಪಾಯಿ ಚಿಲ್ಲರೆ ಅಸಲು. 90 ರೂಪಾಯಿ ಇಟ್ಟರೆ ಸಾಕು ಅನ್ನಿಸುತ್ತದೆ ಅಲ್ವಾ? ಆದರೆ ಅಂಗಡಿಯವರು ತಮಗೆ ಶೇಕಡಾ 20 ಬೇಕು ಅಂದರೆ 18 ರೂಪಾಯಿ ಅಲ್ಲಿ ಹೋಯಿತು, ನಿಮಗೆ ಬರುವುದು 72. ಉಳಿಯುವುದು ಮೂರೂವರೆ ರೂಪಾಯಿ. ಅದಕ್ಕೇ 100 ಇಡಿ. ಅಂಗಡಿಗೆ 20 ಹೋದರೂ 11 ರೂಪಾಯಿ ಉಳಿಯುತ್ತದೆ, ನೇರ ಮಾರಿದರೆ 31. ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಅಂಗಡಿಯಲ್ಲಿ 100 ಇರುವ ಪ್ಯಾಕೆಟ್ಟನ್ನು ಮನೆಗೆ ಬಂದವರಿಗೆ 80ಕ್ಕೆ ಕೊಡಬೇಡಿ. ಅಂಗಡಿಯವರಿಗೆ ಗೊತ್ತಾದ ದಿನ ನಿಮ್ಮ ಮಾಲು ಕೆಳಗಿನ ಕಪಾಟಿಗೆ ಹೋಗುತ್ತದೆ.

ಕೆಜಿಗೆ 500 ಆಯಿತಲ್ಲ, ಯಾರು ತಗೋತಾರೆ ಅಂತ ಈಗ ನಿಮಗೆ ಅನ್ನಿಸುತ್ತಿರಬೇಕು. ಕೆಜಿ ಲೆಕ್ಕದಲ್ಲಿ ಯೋಚಿಸುವುದು ಮಾಡುವವರು. ಕೊಳ್ಳುವವರು ನೂರು ರೂಪಾಯಿಯ ಒಂದು ಪ್ಯಾಕೆಟ್ ಅಂತ ಯೋಚಿಸುತ್ತಾರೆ. ಎಲ್ಲರೂ ತಗೊಳ್ಳುವುದಿಲ್ಲ, ನಿಜ. ನಿಮ್ಮೂರಿನಲ್ಲಿ ಎಷ್ಟೋ ಮನೆಗಳಲ್ಲಿ ಈ ಚಟ್ನಿ ಅವರೇ ಕುಟ್ಟಿಕೊಳ್ಳುತ್ತಾರೆ. ಅವರು ನಿಮ್ಮ ಗಿರಾಕಿಗಳೇ ಅಲ್ಲ. ಕುಟ್ಟಲು ಪುರುಸೊತ್ತು ಇಲ್ಲದ ಟೀಚರು, ಬ್ಯಾಂಕಿನವರು, ಹುಬ್ಬಳ್ಳಿಗೆ ದಿನಾ ಓಡಾಡುವವರು, ಬೆಂಗಳೂರಿನ ಪಿಜಿಯಲ್ಲಿ ಮಕ್ಕಳಿರುವ ತಾಯಂದಿರು, ಅವರು ಗಿರಾಕಿಗಳು.

ಹೊಗಳಿಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮ ಜನ ಒಳ್ಳೆಯವರು, ತಿನ್ನಲು ಕೊಟ್ಟರೆ ‘ಭಾಳ ಚಲೋ ಆಗೇತಿ’ ಅಂತಲೇ ಹೇಳುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಒಮ್ಮೆ ದುಡ್ಡು ಕೊಟ್ಟು ತಗೊಂಡವರು ಕೇಳದೇ ಇದ್ದರೂ ಎರಡನೇ ಸಲ ಬಂದರಾ? ನೋಟ್‌ಬುಕ್ಕಿನಲ್ಲಿ ಇದೊಂದನ್ನು ತಪ್ಪದೆ ಬರೆಯಿರಿ. ಯಾರು, ಯಾವ ತಾರೀಕು, ಎಷ್ಟನೇ ಸಲ. ಮೂವತ್ತು ಜನ ತಗೊಂಡು ಹತ್ತು-ಹನ್ನೆರಡು ಜನ ಎರಡನೇ ಸಲ ಬಂದರೆ ಮುಂದೆ ಹೋಗಿ. ಇಬ್ಬರೇ ಬಂದರೆ ರುಚಿ, ಖಾರ, ಪ್ಯಾಕೆಟ್ಟಿನ ಅಳತೆ, ಬೆಲೆ, ಇವುಗಳಲ್ಲಿ ಎಲ್ಲಿ ತೊಡಕಿದೆ ಅಂತ ಬರದವರನ್ನು ಕೇಳಿ. ಬಂದವರನ್ನು ಕೇಳಿ ಉಪಯೋಗವಿಲ್ಲ.

ಮೂರು ಚಟ್ನಿಯನ್ನೂ ಒಟ್ಟಿಗೆ ಶುರು ಮಾಡಬೇಡಿ. ಶೇಂಗಾ ಒಂದೇ ಸಾಕು. ಗುರೆಳ್ಳು, ಅಗಸಿ ಆಮೇಲೆ.

ಸೋತರೆ ಅನ್ನೋ ಭಯಕ್ಕೆ ಒಂದು ಅಳತೆ ಬೇಕು. ಅಳತೆ ಇಲ್ಲದ ಭಯ ರಾತ್ರಿ ಬೆಳೆಯುತ್ತಲೇ ಹೋಗುತ್ತದೆ. 60 ಸಾವಿರದಲ್ಲಿ 12 ಸಾವಿರ ಮಾತ್ರ ಹೊರಗೆ ತೆಗೆಯಿರಿ. ಉಳಿದ 48 ಸಾವಿರವನ್ನು ಬ್ಯಾಂಕಿನಲ್ಲೋ ಪೋಸ್ಟಾಫೀಸಿನಲ್ಲೋ ಹಾಕಿ ಮರೆತುಬಿಡಿ. ಈ 12 ಸಾವಿರ ಪೂರ್ತಿ ಹೋದರೂ ಮನೆ ನಡೆಯುತ್ತದಾ, ಮಗಳ ಫೀಸು ಕಟ್ಟಬಹುದಾ ಅಂತ ಯಜಮಾನರ ಜೊತೆ ಕೂತು ಮಾತಾಡಿ. ಹೌದು ಅಂದರೆ ಸೋಲಿನ ಗಾತ್ರ ನಿಮಗೆ ಗೊತ್ತಾಯಿತು, ಅದಕ್ಕಿಂತ ದೊಡ್ಡದು ಆಗಲ್ಲ. 12 ಸಾವಿರದಲ್ಲಿ ಸೀಲ್ ಮಾಡುವ ಸಣ್ಣ ಕೈಮಷಿನ್, ತಕ್ಕಡಿ, ಕವರು, ಸ್ಟಿಕ್ಕರು, ಇಪ್ಪತ್ತು ಕೆಜಿ ಶೇಂಗಾ ಎಲ್ಲ ಆಗಿ ಇನ್ನೂ ಸ್ವಲ್ಪ ಉಳಿಯುತ್ತದೆ. ದೊಡ್ಡ ಹುರಿಯುವ ಮಷಿನ್ ಈಗ ಬೇಡ. ಮನೆಯ ಬಾಣಲೆ, ಮಿಕ್ಸಿ ಅಥವಾ ಒರಳು ಸಾಕು. ಕುಟ್ಟಿದ ಚಟ್ನಿಗೆ ಬರುವ ಎಣ್ಣೆ ಬಿಟ್ಟ ಹದ ನುಣ್ಣಗೆ ರುಬ್ಬಿದ್ದಕ್ಕೆ ಬರುವುದಿಲ್ಲ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದನ್ನೇ ಸ್ಟಿಕ್ಕರ್ ಮೇಲೆ ಬರೆಯಿರಿ.

ಮುದ್ರಾ ಸಾಲದ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ. ಈಗ ಬೇಡ. 2015ರಲ್ಲಿ ಶುರುವಾದ ಈ ಯೋಜನೆ ಒಳ್ಳೆಯದೇ. ‘ಶಿಶು’ ವಿಭಾಗದಲ್ಲಿ 50 ಸಾವಿರದವರೆಗೆ, ‘ಕಿಶೋರ’ದಲ್ಲಿ 5 ಲಕ್ಷದವರೆಗೆ ಅಡಮಾನ ಇಲ್ಲದೆ ಕೊಡುತ್ತಾರೆ. ಆದರೆ ಸಾಲದ ಕಂತು ಮುಂದಿನ ತಿಂಗಳೇ ಬರುತ್ತದೆ, ಗಿರಾಕಿ ಬರಲು ಐದಾರು ತಿಂಗಳು ಬೇಕು. ಆ ನಡುವೆ ಕಂತು ಕಟ್ಟಲು ಯಜಮಾನರ ಸಂಬಳಕ್ಕೆ ಕೈ ಹಾಕಬೇಕಾಗುತ್ತದೆ. ಮನೆಯಲ್ಲಿ ಮಾತು ಹುಟ್ಟುವುದು ಅಲ್ಲಿಂದ. ಸಬ್ಸಿಡಿ ಸಿಗುತ್ತದೆ ಅಂತ ಸಾಲ ತೆಗೆಯುವುದು ಇನ್ನೂ ತಪ್ಪು. ಆಹಾರ ತಯಾರಿಸುವ ಸಣ್ಣ ಘಟಕಗಳಿಗೆ ಅಂತ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇಕಡಾ 35 ಸಬ್ಸಿಡಿ ಇಟ್ಟರು. ಅದೂ ಬ್ಯಾಂಕ್ ಸಾಲದ ಜೊತೆಗೇ ಬರುವಂಥದ್ದು. ನೂರು ರೂಪಾಯಿಯ ಮಷಿನ್ನಿಗೆ 35 ಬಿಟ್ಟರೂ ಉಳಿದ 65 ನಿಮ್ಮ ತಲೆ ಮೇಲೇ ಇರುತ್ತದೆ. ಮಷಿನ್ ಖಾಲಿ ಕೂತರೆ 35 ಬಂದದ್ದಕ್ಕೆ ಸಂತೋಷ ಪಡೋಕೆ ಆಗುತ್ತಾ? ಬಂಗಾರ ಅಡ ಇಡುವ ಮಾತಂತೂ ಬೇಡವೇ ಬೇಡ. ಈ ಒಂದು ವಿಷಯದಲ್ಲಿ ನಿಮ್ಮ ಹಿಂಜರಿಕೆ ಸರಿಯಾಗಿದೆ, ಅದನ್ನು ಬಿಡಬೇಡಿ.

ಲಿಜ್ಜತ್ ಹಪ್ಪಳದ ಕಥೆ ಕೇಳಿರುತ್ತೀರಿ. 1959ರ ಮಾರ್ಚ್ 15ರಂದು ಮುಂಬೈಯ ಗಿರಗಾಂವ್‌ನಲ್ಲಿ ಏಳು ಹೆಣ್ಣುಮಕ್ಕಳು ಮಾಳಿಗೆ ಮೇಲೆ ಕೂತು ಹಪ್ಪಳ ಒತ್ತಿದರು. ತಂದ ಸಾಲ 80 ರೂಪಾಯಿ. ಮೊದಲ ದಿನ ಆಗಿದ್ದು ನಾಲ್ಕು ಪ್ಯಾಕೆಟ್. ಅವರಿಗೆ ಮಾರ್ಗದರ್ಶನ ಮಾಡಿದವರು ಹಾಕಿದ ಷರತ್ತು ನನಗೆ ಬಹಳ ಇಷ್ಟ. ಕಡಿಮೆ ಬೆಲೆಗೆ ಅಂತ ಎರಡನೇ ದರ್ಜೆ ಹಪ್ಪಳ ಮಾಡಬೇಡಿ, ಒಂದೇ ಗುಣಮಟ್ಟ ಇರಲಿ, ನಷ್ಟ ಆದರೂ ದಾನ ಮಾತ್ರ ತಗೊಳ್ಳಬೇಡಿ ಅಂದಿದ್ದರು. ಒಬ್ಬರಿಗೇ ಭಯ ಅನ್ನಿಸಿದರೆ ನೀವೂ ಗೊತ್ತಿರುವ ಒಬ್ಬಿಬ್ಬರನ್ನು ಜೊತೆಗೆ ಸೇರಿಸಿಕೊಳ್ಳಬಹುದು. ಆದರೆ ಪಾಲು ಎಷ್ಟೆಷ್ಟು ಅನ್ನುವುದನ್ನು ಮೊದಲ ದಿನವೇ ಬರೆದಿಡಿ.

ಮಾಲು ಕೆಟ್ಟರೆ ಅನ್ನೋ ಭಯವನ್ನೂ ಇಟ್ಟುಕೊಳ್ಳಿ. ಅದು ಬೇಕಾದ ಭಯ. ಶೇಂಗಾದಲ್ಲಿ ಎಣ್ಣೆ ಜಾಸ್ತಿ. ಗದಗದ ಬೇಸಿಗೆಯಲ್ಲಿ ಗಾಳಿ, ಬಿಸಿ ತಾಗಿದರೆ ಬೇಗ ಕಮಟು ವಾಸನೆ ಬರುತ್ತದೆ. ಒಣಕೊಬ್ಬರಿ ಸೇರಿಸಿದರೆ ಇನ್ನೂ ಬೇಗ. ಬೆಳ್ಳುಳ್ಳಿ ಹಸಿ ಉಳಿದರೆ ಪ್ಯಾಕೆಟ್ಟಿನೊಳಗೆ ತೇವ ಸೇರುತ್ತದೆ. ಮೊದಲ ಸಲ ಮಾಡಿದಾಗ ಆರು ಪ್ಯಾಕೆಟ್ ಮಾರದೆ ಅಡುಗೆಮನೆಯ ಕಪಾಟಿನಲ್ಲೇ ಇಡಿ. ಹದಿನೈದು ದಿನಕ್ಕೊಂದು ಒಡೆದು ಮೂಸಿ, ತಿಂದು ನೋಡಿ ಬರೆದಿಡಿ. ಎರಡೂವರೆ ತಿಂಗಳಿಗೆ ರುಚಿ ಕುಗ್ಗಿತು ಅಂದರೆ ಪ್ಯಾಕೆಟ್ ಮೇಲೆ ಒಂದೂವರೆ ತಿಂಗಳು ಅಂತ ಹಾಕಿ. ಅಂಗಡಿಯಲ್ಲಿ ನೋಡಿದ ಬೇರೆಯವರ ಪ್ಯಾಕೆಟ್ ನಕಲು ಮಾಡಿ ‘6 ತಿಂಗಳು’ ಅಂತ ಹಾಕಬೇಡಿ.

ಇನ್ನು ಆರಿಸುವ ಕೆಲಸ. ಮುರುಟಿದ, ಬಣ್ಣ ಕೆಟ್ಟ, ಬೂಷ್ಟು ಹಿಡಿದ ಕಾಳು ಒಂದನ್ನೂ ಬಿಡದೆ ತೆಗೆಯಬೇಕು. ಅಂಥ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು. ಅದು ಯಕೃತ್ತಿಗೆ ಕೆಡುಕು. ಹುರಿದರೆ ಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ ದಾಸ್ತಾನಿನ ಶೇಂಗಾ ತರಬೇಡಿ. ನಿಮ್ಮ ಮನೆಯವರಿಗೆ ಮಾಡುವಾಗ ಎಷ್ಟು ಜತನ ಮಾಡುತ್ತೀರೋ ಅದಕ್ಕಿಂತ ಒಂದು ಕೈ ಜಾಸ್ತಿಯೇ ಬೇಕು. ದುಡ್ಡು ಕೊಟ್ಟು ತಿನ್ನುವವರಿಗೆ ನಿಮ್ಮ ಅಡುಗೆಮನೆ ಕಾಣುವುದಿಲ್ಲ, ನಂಬಿಕೆಯ ಮೇಲೆ ತಿನ್ನುತ್ತಾರೆ. ಯಾರಾದರೂ ಪ್ಯಾಕೆಟ್ ವಾಪಸ್ ತಂದರೆ ವಾದ ಮಾಡದೆ ದುಡ್ಡು ವಾಪಸ್ ಕೊಡಿ. ಯಾವ ದಿನ ಮಾಡಿದ್ದು ಅಂತ ನೋಡಿ, ಅದೇ ದಿನದ ಉಳಿದ ಪ್ಯಾಕೆಟ್‌ಗಳನ್ನು ಅಂಗಡಿಯಿಂದ ತರಿಸಿಕೊಳ್ಳಿ.

ಕಾಗದಪತ್ರ ನೀವು ಅಂದುಕೊಂಡಷ್ಟು ದೊಡ್ಡದಿಲ್ಲ. ಮಾರಾಟಕ್ಕೆ ಮೊದಲು ಆಗಲೇಬೇಕಾದದ್ದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ. ನಿಮ್ಮಂಥ ಸಣ್ಣ ವಹಿವಾಟಿನವರಿಗೆ ದೊಡ್ಡ ಲೈಸೆನ್ಸ್ ಬೇಡ, ಸಾದಾ ನೋಂದಣಿ ಸಾಕು. ಅವರದೇ ಫಾಸ್ಕಾಸ್ ಅನ್ನುವ ವೆಬ್‌ಸೈಟಿನಲ್ಲಿ ಮಗಳು ಕೂತು ಅರ್ಜಿ ತುಂಬಬಹುದು. 14 ಅಂಕಿಯ ನಂಬರ್ ಬರುತ್ತದೆ, ಅದನ್ನು ಸ್ಟಿಕ್ಕರ್ ಮೇಲೆ ಹಾಕಬೇಕು. ಅದರ ಜೊತೆ ನಿಮ್ಮ ಹೆಸರು ಮತ್ತು ವಿಳಾಸ, ಏನೇನು ಹಾಕಿದ್ದೀರಿ ಅನ್ನುವ ಪಟ್ಟಿ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಲ್ಲಿಯವರೆಗೆ ಬಳಸಬಹುದು ಅನ್ನುವುದು, ಬ್ಯಾಚ್ ನಂಬರ್, ಸಸ್ಯಾಹಾರದ ಹಸಿರು ಗುರುತು, ದೂರಿಗೆ ಫೋನ್ ನಂಬರ್ ಇರಲಿ. ಶೇಂಗಾ ಕೆಲವರಿಗೆ ಅಲರ್ಜಿ, ಅದನ್ನೂ ಬರೆಯಬೇಕು. ಪ್ಯಾಕೆಟ್ ಮಾಡಿ ಮಾರಲು ಶುರು ಮಾಡಿದ 90 ದಿನದೊಳಗೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಪ್ಯಾಕರ್ ಅಂತ ನೋಂದಾಯಿಸಬೇಕು. ಇದನ್ನು ಬಹಳ ಜನ ಹೇಳುವುದೇ ಇಲ್ಲ. ತಕ್ಕಡಿಗೂ ಅವರ ಮುದ್ರೆ ಬೇಕು. ಉದ್ಯಮ್ ನೋಂದಣಿ ಪೂರ್ತಿ ಪುಕ್ಕಟೆ, ಆಧಾರ್, ಪ್ಯಾನ್ ಇದ್ದರೆ ಆಯಿತು. ಅದಕ್ಕೆ ಸಾವಿರಗಟ್ಟಲೆ ಕೇಳುವ ಏಜೆಂಟರ ಹತ್ತಿರ ಹೋಗಬೇಡಿ.

ಟ್ಯಾಕ್ಸ್ ನೋಟಿಸಿನ ಭಯ ಎಲ್ಲಿಂದ ಬಂತು ಅಂತ ಗೊತ್ತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ‘ಓನ್ಲಿ ಕ್ಯಾಶ್’ ಅಂತ ಬೋರ್ಡ್ ಹಾಕಿದವು. ಆದರೆ ನಿಯಮ ನೋಡಿ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. 40 ಲಕ್ಷ ಅಂದರೆ ನಿಮ್ಮ ನೂರು ರೂಪಾಯಿಯ ಪ್ಯಾಕೆಟ್ ದಿನಕ್ಕೆ 110ರಂತೆ ವರ್ಷಪೂರ್ತಿ, ಒಂದು ದಿನವೂ ಬಿಡದೆ ಹೋಗಬೇಕು. ಅಲ್ಲಿಯವರೆಗೆ ಧೈರ್ಯವಾಗಿ ಯುಪಿಐ ತಗೊಳ್ಳಿ. ಮನೆಯ ಖರ್ಚಿನ ಖಾತೆ ಬೇರೆ, ವ್ಯಾಪಾರದ ಖಾತೆ ಬೇರೆ ಇರಲಿ, ಆಗ ಯಾರು ಕೇಳಿದರೂ ಲೆಕ್ಕ ತೋರಿಸಬಹುದು. ಆದರೆ ಒಂದು ಎಚ್ಚರ. ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಕಡಿಮೆ ಇದ್ದರೂ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಹಾಗಾಗಿ ಬೆಂಗಳೂರಿನ ಆರ್ಡರ್ ಈಗಲೇ ತಗೊಳ್ಳಿ, ಪುಣೆಯದು ಸ್ವಲ್ಪ ತಡೆಯಿರಿ. ಪುಣೆಯಲ್ಲಿರುವ ನೆಂಟರ ಮಕ್ಕಳು ನಿಮ್ಮ ಪುಕ್ಕಟೆ ಪಟ್ಟಿಯಲ್ಲೇ ಇರಲಿ.

ಓಣಿಯವರ ಮಾತು. ಒಂದೆರಡು ವಾರ ಆಡುತ್ತಾರೆ. ಆಮೇಲೆ ಅವರಲ್ಲೇ ಒಬ್ಬರು ‘ನಮ್ಮ ಹುಡುಗಿ ಬೆಂಗಳೂರಿಗೆ ಹೊಂಟಾಳ, ಎರಡು ಪ್ಯಾಕೆಟ್ ಕೊಡ್ರಿ’ ಅಂತ ಬರುತ್ತಾರೆ. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಮನೆಯೊಳಗಿನ ಮಾತು ಹಾಗಲ್ಲ. ಯಜಮಾನರಿಗೆ ‘ಬಿಸಿನೆಸ್ ಮಾಡ್ತೀನಿ’ ಅಂತ ಹೇಳಿದರೆ ಅವರಿಗೆ ಸಾಲ, ಅಂಗಡಿ ಬಾಡಿಗೆ ಎಲ್ಲ ಕಣ್ಣ ಮುಂದೆ ಬರುತ್ತದೆ. ‘12 ಸಾವಿರ ರೂಪಾಯಿ, ಮೂರು ತಿಂಗಳು, ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹನ್ನೊಂದರಿಂದ ಐದರವರೆಗೆ’ ಅಂತ ಹೇಳಿ. ಆ ಎರಡು ದಿನ ಮಧ್ಯಾಹ್ನದ ಅಡುಗೆ ಯಾರು ಮಾಡುತ್ತಾರೆ ಅನ್ನುವುದನ್ನೂ ಅವತ್ತೇ ಮಾತಾಡಿ ಮುಗಿಸಿ. ಹುರಿದ ಶೇಂಗಾ ಆರುತ್ತಿರುವಾಗ ‘ಊಟಕ್ಕೆ ಹಾಕು’ ಅನ್ನೋ ಕೂಗು ಬಂದರೆ ಎರಡೂ ಕೆಡುತ್ತವೆ.

ಮೂರು ತಿಂಗಳು ಕಳೆದು, ಎರಡನೇ ಸಲ ಬಂದವರ ಸಂಖ್ಯೆ ಚೆನ್ನಾಗಿದೆ ಅನ್ನಿಸಿದರೆ ತರಬೇತಿಗೆ ಹೋಗಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಅನ್ನುವ ಸ್ವ-ಉದ್ಯೋಗ ತರಬೇತಿ ಕೇಂದ್ರಗಳಿವೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಗ್ರಾಮೀಣ ಭಾಗದವರಿಗೆ ಮೊದಲ ಆದ್ಯತೆ. ಗದಗದ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಕೇಳಿದರೆ ಮುಂದಿನ ಬ್ಯಾಚ್ ಯಾವಾಗ ಅಂತ ಹೇಳುತ್ತಾರೆ. ಮಹಿಳಾ ಅಭಿವೃದ್ಧಿ ನಿಗಮದ ‘ಉದ್ಯೋಗಿನಿ’ ಸಾಲ-ಸಬ್ಸಿಡಿ ನಿಮ್ಮ ಆದಾಯಕ್ಕೆ ಹೊಂದುತ್ತದಾ ಅಂತಲೂ ಆಗ ವಿಚಾರಿಸಿ. ಅಷ್ಟು ಹೊತ್ತಿಗೆ ಕುಟ್ಟಿ ಕುಟ್ಟಿ ಕೈ ಸೋತು, ಯಾವ ಮಷಿನ್ ಬೇಕು, ಎಷ್ಟು ಕೆಜಿಯದು ಬೇಕು ಅನ್ನುವುದು ನಿಮಗೇ ಸ್ಪಷ್ಟವಾಗಿರುತ್ತದೆ. ಬ್ಯಾಂಕಿಗೆ ಹೋಗುವಾಗ ಆ ನೋಟ್‌ಬುಕ್ ಮತ್ತು ವ್ಯಾಪಾರದ ಖಾತೆಯ ಪಾಸ್‌ಬುಕ್ ಒಯ್ಯಿರಿ. ಮ್ಯಾನೇಜರ್ ಮೊದಲು ಕೇಳುವುದು ಅದನ್ನೇ.